ಎಲೆ ಮುಂದೆ ಕೂತವರು

“ಏಳಪ್ಪ, ಏಳು. ರೇಷನ್ ಕಾರ್ಡಿಲ್ಲದವರಿಗೆ ಇವತ್ತಿಂದ ಇಲ್ಲಿ ಊಟ ಇಲ್ಲ.”

ನಂಜುಂಡಯ್ಯನವರ ದನಿ ನಜರ್‌ಬಾದಿನ ಆ ಉದ್ದನೆಯ ಹಜಾರದ ಮೂಲೆಮೂಲೆಗೂ ಕೇಳಿಸಿತು. ಹಸಿದವರಿಗೆ ದಿನಾ ಮಧ್ಯಾಹ್ನ ಊಟ ಹಾಕುವ ‘ಹಿಡಿಯನ್ನ ಬಳಗ’ಕ್ಕೆ ಅವರು ಅಧ್ಯಕ್ಷರು. ಸಂಬಳವಿಲ್ಲದ ಹುದ್ದೆ, ಅದಕ್ಕೇ ಇರಬೇಕು, ಎಲ್ಲವನ್ನೂ ದನಿಯಲ್ಲೇ ವಸೂಲಿ ಮಾಡಿಕೊಳ್ಳುತ್ತಿದ್ದರು. ಪಂಕ್ತಿಯ ಕೊನೆಯಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಎಲೆಯ ಮುಂದೆ ಕೂತಿದ್ದವನು ತಲೆಯೆತ್ತಿದ.

“ಕಾರ್ಡು ಊರಲ್ಲೇ ಉಳ್ಕಬುಡ್ತು ಸ್ವಾಮಿ. ಹೆಂಡ್ರನ್ನ ದೊಡ್ಡಾಸ್ಪತ್ರೆಗೆ ಸೇರ್ಸಿವ್ನಿ. ಮೂರು ದಿನಾಯ್ತು.”

“ಹೆಸರೇನು?”

“ಸಿದ್ದಮಲ್ಲಪ್ಪ.”

“ನೋಡು ಸಿದ್ದಮಲ್ಲಪ್ಪ, ಇಂಥಾ ಅಂಗಿ ಹಾಕ್ಕೊಂಡು ಬಂದು ಬಡವ ಅಂದ್ರೆ ನಂಬೋರ್ಯಾರು?”

“ಪ್ಯಾಟೆಗೆ ಬತ್ತೀವಲ್ಲ ಅಂತ, ಇರೋದ್ರಲ್ಲಿ ಒಳ್ಳೇದ ಹಾಕ್ಕಂಡ್ ಬಂದೆ ಸ್ವಾಮಿ.”

ಉಪ್ಪಿನ ಬಟ್ಟಲು ಹಿಡಿದು ಎಲೆಯಿಂದ ಎಲೆಗೆ ಬರುತ್ತಿದ್ದ ಭಾನುಮತಿಯವರ ಕಾಲು ನಿಂತುಬಿಟ್ಟಿತು. ಅವರು ಬಳಗದ ಕಾರ್ಯದರ್ಶಿ. ಕಳೆದ ಭಾನುವಾರದ ಸಭೆಯಲ್ಲಿ ‘ಇನ್ನು ಮುಂದೆ ಅರ್ಹರಿಗೆ ಮಾತ್ರ ಅನ್ನ’ ಎಂಬ ನಿರ್ಣಯ ಬರೆದದ್ದು ಅವರದೇ ಕೈ. ಉಪ್ಪಿಟ್ಟು, ಕೇಸರಿಬಾತು ಮುಗಿದು ಕಾಫಿ ಬರುತ್ತಿದ್ದ ಹೊತ್ತು ಅದು. ಹೊಟ್ಟೆ ತುಂಬಿದವರ ಬಾಯಿಗೆ ‘ಅರ್ಹ’ ಎಂಬ ಪದ ಎಷ್ಟು ಸಲೀಸಾಗಿ ಬಂದಿತ್ತು! ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ಮೇಡಂ ಒಂದೂ ಅಕ್ಷರ ತಪ್ಪದೆ ಬರೆದುಕೊಂಡಿದ್ದರು. ಅದೇ ಪದ ಈಗ ಒಬ್ಬ ಮನುಷ್ಯನ ರಟ್ಟೆ ಹಿಡಿದು ಎಬ್ಬಿಸಲು ನಿಂತಿರುವುದನ್ನು ಕಂಡು ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

“ಸಾರ್, ಎಲೆ ಮುಂದೆ ಕೂತೋರನ್ನ ಎಬ್ಬಿಸಬಾರದು,” ಎಂದರು.

“ಆ ಶಾಸ್ತ್ರ ನನಗೂ ಗೊತ್ತು ಕಣ್ರೀ. ಎಲೆ ಹಾಕಿದೆ ಅಷ್ಟೇ, ಇನ್ನೂ ಬಡಿಸಿಲ್ಲ. ಬಡಿಸೋಕೆ ಮುಂಚೆ ಎಬ್ಬಿಸಿದ್ರೆ ದೋಷವಿಲ್ಲ.” ನಂಜುಂಡಯ್ಯ ದನಿ ತಗ್ಗಿಸಿದರು. “ಅಕ್ಕಿ ಕೊಡ್ತಿರೋದು ಕಡಕೊಳದ ಕಾರ್ಖಾನೆಯವರು. ಉಣ್ಣೋರೆಲ್ಲ ಬಡವರೇ ಅಂತ ಕಾರ್ಡಿನ ನಂಬರ್ ಸಮೇತ ಪಟ್ಟಿ ಕೇಳಿದಾರೆ. ಒಬ್ಬನ ಮುಖ ನೋಡಿ ಇಷ್ಟೂ ಜನರ ಅನ್ನಕ್ಕೆ ಕಲ್ಲು ಹಾಕ್ತೀರಾ?”

ಮಾತು ಸುಳ್ಳಲ್ಲ. ಅಷ್ಟರಲ್ಲಿ ಸಿದ್ದಮಲ್ಲಪ್ಪ, ದೊಡ್ಡವರ ನಡುವೆ ತನ್ನಿಂದ ಜಗಳ ಬೇಡವೆಂದೋ ಏನೋ, ಒಂದು ಕೈ ನೆಲಕ್ಕೂರಿ ಏಳಹೊರಟ. ಏಳುವ ಮುಂಚೆ, ಎಲೆಗೆ ತಾನೇ ಚಿಮುಕಿಸಿದ್ದ ನೀರನ್ನು ಅಂಗೈಯಿಂದ ಒರೆಸಿ, ಬೇರೆ ಯಾರಿಗಾದರೂ ಆಗಲಿ ಎಂಬಂತೆ ಎಲೆಯನ್ನು ಮುಂದಕ್ಕೆ ಸರಿಸಿಟ್ಟ.

ಭಾನುಮತಿ ಉಪ್ಪಿನ ಬಟ್ಟಲನ್ನು ಕಿಟಕಿಯ ಮೇಲಿಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಡಿನೋವನ್ನೂ ಲೆಕ್ಕಿಸದೆ, ಸಿದ್ದಮಲ್ಲಪ್ಪನ ಪಕ್ಕದಲ್ಲೇ ಚಾಪೆಯ ಮೇಲೆ ಕೂತರು. “ನೀವೂ ಕೂತ್ಕೊಳ್ಳಿ,” ಎಂದು ಅವನನ್ನು ಮತ್ತೆ ಕೂರಿಸಿ, ಅನ್ನದ ಬಕೆಟ್ಟು ಹಿಡಿದು ನಿಂತಿದ್ದ ಅಡುಗೆಯ ಮಂಗಳಮ್ಮನನ್ನು ಕರೆದರು.

“ಮಂಗಳಮ್ಮ, ನನಗೂ ಒಂದು ಎಲೆ ಹಾಕಿ.”

“ಇದೇನ್ರೀ ಇದು? ಕಮಿಟಿಯವರಾಗಿ ನೀವು...” ನಂಜುಂಡಯ್ಯನವರ ಮುಖ ಕೆಂಪಾಯಿತು.

“ನನ್ನ ಹತ್ರಾನೂ ಕಾರ್ಡಿಲ್ಲ ಸಾರ್. ಪಿಂಚಣಿ ಬರುತ್ತೆ, ಸ್ವಂತ ಮನೆ ಇದೆ. ನನ್ನಷ್ಟು ಅನರ್ಹರು ಈ ಪಂಕ್ತೀಲಿ ಇನ್ನೊಬ್ಬರಿಲ್ಲ. ಎಬ್ಬಿಸೋದಾದ್ರೆ ಮೊದಲು ನನ್ನನ್ನ ಎಬ್ಬಿಸಿ.”

ನಂಜುಂಡಯ್ಯ ಒಂದು ಹೆಜ್ಜೆ ಮುಂದಿಟ್ಟರು. ಪಂಕ್ತಿಯವರೆಲ್ಲ ತಮ್ಮತ್ತಲೇ ನೋಡುತ್ತಿರುವುದನ್ನು ಕಂಡು ಅಲ್ಲೇ ನಿಂತರು. ಮಂಗಳಮ್ಮ ಅಧ್ಯಕ್ಷರ ಮುಖ ನೋಡಿದಳು, ಕಾರ್ಯದರ್ಶಿಯ ಮುಖ ನೋಡಿದಳು.

“ಅನ್ನ ಆರೋಯ್ತದೆ. ಜಗಳ ಆಮೇಲಾಡ್ಕಳಿ,” ಎಂದವಳೇ ಇನ್ನೊಂದು ಎಲೆ ಹಾಕಿ, ಎರಡಕ್ಕೂ ಅನ್ನ ಬಡಿಸಿ, ಮೇಲೆ ಹುಳಿ ಸುರಿದಳು.

“ನಾಳೇನೇ ಸಭೆ ಕರೀತೀನಿ ಭಾನುಮತಿಯವರೇ. ನಿಮ್ಮನ್ನ ಕಮಿಟಿಯಿಂದ ತೆಗೆಯೋ ನಿರ್ಣಯ ಆಗುತ್ತೆ, ನೋಡ್ತಿರಿ.”

“ಕರೀರಿ ಸಾರ್. ಅದನ್ನೂ ನಾನೇ ಬರ್ಕೋತೀನಿ, ಅಕ್ಷರ ತಪ್ಪದ ಹಾಗೆ. ಅದರ ಕೆಳಗೆ ಇನ್ನೊಂದೂ ಬರೀತೀನಿ. ಕಾರ್ಖಾನೆ ಅಕ್ಕಿ ನಿಂತ್ರೆ ಇಲ್ಲಿಂದ ಬನ್ನಿಮಂಟಪದವರೆಗೂ ಮನೆಮನೆ ಹತ್ತಿ ಒಂದೊಂದು ಹಿಡಿ ಅಕ್ಕಿ ಕೇಳ್ತೀನಿ. ನನಗೇನೂ ನಾಚಿಕೆ ಇಲ್ಲ. ಆ ಮನೆಯವರ್ಯಾರೂ ಪಟ್ಟಿ ಕೇಳಲ್ಲ.”

ಅಧ್ಯಕ್ಷರು ಮೊಬೈಲ್ ಕಿವಿಗಿಟ್ಟುಕೊಂಡು ಬಾಗಿಲಾಚೆ ಹೋದರು. ಬಿಸಿ ಅನ್ನ ಮುಂದೆ ಹೊಗೆಯಾಡುತ್ತಿದ್ದರೂ ಭಾನುಮತಿಯವರ ಕೈ ಮುಂದೆ ಹೋಗದೆ, ಕಣ್ಣು ಬಾಗಿಲಲ್ಲೇ ಇತ್ತು.

ಸಭೆ, ನಿರ್ಣಯ, ಪಿಂಚಣಿ, ಇವು ಯಾವುವೂ ಸಿದ್ದಮಲ್ಲಪ್ಪನ ತಲೆಗೆ ಹೋಗಿರಲಿಲ್ಲ. ಪಕ್ಕದಲ್ಲಿ ಕೂತ ಈ ಹೆಂಗಸಿನ ಹತ್ತಿರವೂ ಕಾರ್ಡಿಲ್ಲ ಎಂಬುದಷ್ಟೇ ಅವನಿಗೆ ತಿಳಿದಿತ್ತು. ತನ್ನ ಅನ್ನವನ್ನು ಗಬಗಬನೆ ಕಲಸುತ್ತ ಅವರತ್ತ ವಾಲಿ, ಬಾಗಿಲ ಕಡೆ ಒಂದು ಕಣ್ಣಿಟ್ಟು ಪಿಸುಗುಟ್ಟಿದ:

“ಬಿರ್ನೆ ಕಲಸ್ಕಳಿ ತಾಯಿ. ಕೈ ಎಂಜ್ಲಾಗೋದ್ರೆ ಆಮೇಲೆ ಯಾರೂ ಎಬ್ಸಕಿಲ್ಲ.”