ಊಟದ ಬೆಲ್ಲು

ಆಟವಾಡಿಸುತ್ತ ಕಲಿಸಿದರೆ ಮಕ್ಕಳಿಗೆ ಲೆಕ್ಕ ಬೇಗ ತಲೆಗೆ ಹತ್ತುತ್ತದೆ ಎಂದು ಸಾಬೀತು ಮಾಡಲು ಹೊರಟಿದ್ದ ಸಂಶೋಧಕ ಉಮಾಪತಿ, ಐದನೇ ತರಗತಿಯ ಎ ಸೆಕ್ಷನ್ನಿಗೆ ಆಟದಲ್ಲೇ ಭಿನ್ನರಾಶಿ ಕಲಿಸಿದ. ಹೋಲಿಕೆಗೆಂದು ಬಿ ಸೆಕ್ಷನ್ನನ್ನು ಹಳೇ ಬೋರ್ಡಿನ ಪಾಠಕ್ಕೇ ಬಿಟ್ಟ. ಪರೀಕ್ಷೆ ಮಾಡಿದರೆ ಎರಡಕ್ಕೂ ಸರಿಸಮ ಅಂಕ! ಅವನಿಗೆ ತಲೆ ಕೆಟ್ಟುಹೋಯಿತು.

"ಬರೀ ಬೋರ್ಡ್ ನೋಡ್ಕೊಂಡು ಇಷ್ಟೆಲ್ಲ ಹೇಗೆ ಕಲಿತ್ಯೇ?" ಎಂದು ಬಿ ಸೆಕ್ಷನ್ನಿನ ಹುಡುಗಿಯೊಬ್ಬಳ ಮೇಲೆ ರೇಗಿದ.

"ಬೋರ್ಡಿಂದ ಏನೂ ತಿಳೀಲಿಲ್ಲ ಸಾರ್. ಊಟಕ್ಕೆ ಬಿಟ್ಟಾಗ ಎ ಸೆಕ್ಷನ್ನೋರು ನಿಮ್ಮ ಆಟಾನೆಲ್ಲ ನಮಗೂ ಆಡಿಸ್ತಾರೆ. ಚಿಕ್ಕಿ ಮುರಿದು ಅರ್ಧ, ಕಾಲು ತೋರಿಸ್ತಾರೆ."

ಉಮಾಪತಿಯ ಮುಖ ಅರಳಿತು. ಹೆಡ್‌ಮೇಡಂ ಕೋಣೆಗೆ ಓಡಿದ.

"ತಪ್ಪೆಲ್ಲಿ ಅಂತ ಗೊತ್ತಾಯ್ತು ಮೇಡಂ! ನಾಳೆಯಿಂದ ಎರಡೂ ಸೆಕ್ಷನ್ನನ್ನ ಬೇರೆ ಬೇರೆ ಹೊತ್ತಿಗೆ ಊಟಕ್ಕೆ ಬಿಡಿ."