ಹದಿನೆಂಟು ಲೋಟ ಪಾನಕ

ಹದಿನೇಳನೆಯ ಲೋಟವೂ ತುಂಬಿದ ಹಾಗೇ ವಾಪಸು ಬಂತು.

"ಬ್ಯಾಡಿ ಯಜಮಾನ್ರೆ, ಬಾಯಾರಿಕೆ ಇಲ್ಲ," ಎಂದಳು ಸುಂದ್ರಮ್ಮ. ಅವಳ ತುಟಿ ಒಣಗಿ ಸಿಪ್ಪೆ ಎದ್ದಿತ್ತು. ದೇವಯ್ಯ ನಕ್ಕಂತೆ ಮಾಡಿ ಲೋಟವನ್ನು ಕಿಟಕಿಯಾಚೆ ಸುರಿದ. ಬಾಯಾರಿಕೆ ಇಲ್ಲವಂತೆ! ಏಪ್ರಿಲ್ ಬಿಸಿಲು, ಬೆಳಗಿನ ಆರಕ್ಕೆ ರಾವಂದೂರು ಬಿಟ್ಟ ಬಸ್ಸು. ಹಳ್ಳಿಹಳ್ಳಿ ಸುತ್ತಿ ಇವರನ್ನೆಲ್ಲ ಹತ್ತಿಸಿಕೊಂಡು ಪಿರಿಯಾಪಟ್ಟಣ ದಾಟುವಷ್ಟರಲ್ಲಿ ಹತ್ತು ಗಂಟೆಯಾಗಿತ್ತು.

ಅವನ ಹೊಗೆಸೊಪ್ಪಿನ ಶೆಡ್ಡಿನಲ್ಲಿ ಎಲೆಗಳನ್ನು ಬಣ್ಣ ನೋಡಿ ಬೇರೆ ಮಾಡುವ ಹದಿನೆಂಟು ಹೆಂಗಸರು ಇವರು. ಹರಾಜಿನಲ್ಲಿ ಆ ವರ್ಷ ಅವನ ಸೊಪ್ಪಿಗೆ ಒಳ್ಳೆಯ ಬೆಲೆ ಬಂದಿತ್ತು. ಎಲ್ಲರನ್ನೂ ಒಂದು ದಿನ ಮಡಿಕೇರಿಗೆ ಕರೆದುಕೊಂಡು ಹೋಗೋಣ, ಮಾಲೀಕನೆಂಬ ಬಿಗುಮಾನ ಬಿಟ್ಟು ಜೊತೆಗೆ ಕೂರೋಣ ಎಂದು ಅವನಿಗೇ ತೋಚಿತ್ತು. ಹೆಂಡತಿ ಶಾಂತಲಾ ಬೆಲ್ಲ, ನಿಂಬೆ, ಏಲಕ್ಕಿ ಹಾಕಿ ಡ್ರಮ್ಮು ತುಂಬ ಪಾನಕ ಮಾಡಿಕೊಟ್ಟಿದ್ದಳು.

ಕೇರಿಯಲ್ಲಿ ಮಾಡಿದ ಪಾನಕ. ಕುಡಿಯುತ್ತಾರೆಯೇ ಇವರು?

ಅವನ ತಾಯಿ ಪುಟ್ಟಮಾದಮ್ಮ ಇದೇ ಹೆಂಗಸರ ಅತ್ತೆಯಂದಿರ ಹಿತ್ತಿಲಲ್ಲಿ ಬೊಗಸೆ ಒಡ್ಡಿ ನಿಲ್ಲುತ್ತಿದ್ದಳು. ಅವರು ಬಿಂದಿಗೆ ಎತ್ತಿ, ತಾಕದಂತೆ ಮೇಲಿನಿಂದ ನೀರು ಬಿಡುತ್ತಿದ್ದರು. ಮುಟ್ಟಿದರೆ ಗಲೀಜಾಗುತ್ತದಂತೆ. ಆ ನೀರು ಅಮ್ಮನ ಮೊಣಕೈಯಿಂದ ತೊಟ್ಟಿಕ್ಕುತ್ತಿದ್ದುದು ದೇವಯ್ಯನಿಗೆ ಇನ್ನೂ ಮರೆತಿರಲಿಲ್ಲ.

ಈಗ ಕಾಲ ಬದಲಾಗಿದೆ ಎಂದುಕೊಂಡಿದ್ದ. ಎಲ್ಲಿ ಬದಲಾಗಿದೆ! ಇವರಿಗೆ ಅವನು ಕೊಡುವ ಕೂಲಿ ಆಗುತ್ತದೆ, ನೀರು ಆಗುವುದಿಲ್ಲ. ಶೆಡ್ಡಿನಲ್ಲಿ ಇವರಿಗೆಂದೇ ಸ್ಟೀಲಿನ ಫಿಲ್ಟರ್ ಇಡಿಸಿದ್ದ. ಸೊಪ್ಪಿನ ಧೂಳಿಗೆ ಕೆಮ್ಮಿ ಕೆಮ್ಮಿ ಸಾಯುತ್ತಿದ್ದರೂ ಒಬ್ಬಳೂ ಅದರ ನಲ್ಲಿ ತಿರುಗಿಸಿದವಳಲ್ಲ. ಸಂಜೆ ನೋಡಿದರೆ ಫಿಲ್ಟರ್ ತುಂಬಿದ್ದದ್ದು ತುಂಬಿದ ಹಾಗೇ.

ಹದಿನೆಂಟನೆಯ ಲೋಟ ಚಿಕ್ಕಮಾದಮ್ಮನಿಗೆ. ಅವನ ಕೇರಿಯವಳೇ, ಚಿಕ್ಕವನಿದ್ದಾಗ ಅವನನ್ನು ಎತ್ತಿ ಆಡಿಸಿದವಳು.

"ಈಗ ಬ್ಯಾಡ ಕಣಪ್ಪ ದೇವ," ಎಂದು ಅವಳು ಮುಖ ತಿರುಗಿಸಿದಳು.

ದೇವಯ್ಯ ಆ ಲೋಟವನ್ನೂ ಕಿಟಕಿಯಾಚೆ ಸುರಿದ. ಅವರ ಸಾಲಿನಲ್ಲಿ ಕೂತು ಕೂತು ಇವಳಿಗೂ ಅವರ ಬುದ್ಧಿಯೇ ಅಂಟಿತಲ್ಲ.

ಕುಶಾಲನಗರದ ಹತ್ತಿರ ಬಸ್ಸು ನಿಂತಿತು. ಜೊತೆಗೆ ಬಂದಿದ್ದ ಶೆಡ್ಡಿನ ಗಂಡಸರು ಇಳಿದು ಬೀಡಿ ಹಚ್ಚಿದರು, ಬೇಲಿಯ ಕಡೆ ಹೋಗಿ ಬಂದರು, ಪಾನಕ ಬಗ್ಗಿಸಿಕೊಂಡು ಕುಡಿದರು. ಲೆಕ್ಕ ಬರೆಯುವ ಮುದ್ದಯ್ಯನಂತೂ ಗೌಡರ ಮನೆಯವನು. ಅವನೂ ಎರಡು ಲೋಟ ಹೀರಿ ಮೀಸೆ ಒರೆಸಿಕೊಂಡ. ಗಂಡಸರಿಗೇನು, ಹೋಟೆಲು ಸುತ್ತಿ ಮೈಲಿಗೆ ಬಿಟ್ಟಿದ್ದಾರೆ. ಮಡಿ ಕಾಯುವುದೆಲ್ಲ ಹೆಂಗಸರೇ ಎಂದುಕೊಂಡ ದೇವಯ್ಯ.

ಅಷ್ಟರಲ್ಲಿ ಕಿಟಕಿಯ ಬಳಿ ಕೂತಿದ್ದ ಪವಿತ್ರಾ ಎಂಬ ಹುಡುಗಿ ಲೋಟಕ್ಕೆ ಕೈ ಚಾಚಿದಳು. ಸುಂದ್ರಮ್ಮ ಅವಳ ಕೈಗೆ ಪಟ್ಟೆಂದು ಹೊಡೆದಳು.

"ಕುಡೀಬ್ಯಾಡ ಕಣೇ. ಆಮ್ಯಾಕೆ ಮಾನ ಓಯ್ತದೆ."

ದೇವಯ್ಯ ಕೇಳಿಸಿಕೊಂಡ. ಇನ್ನೇನು ಪುರಾವೆ ಬೇಕು?

ಕೋಪ ಬಂದಾಗ ಜೇಬಿನ ಬೀಗದ ಕೈ ಗೊಂಚಲು ಕುಲುಕುವುದು ಅವನ ಅಭ್ಯಾಸ. ಅದರಲ್ಲಿ ಮೂರು ಕೈಗಳಿದ್ದವು: ಗೋಡೌನಿನದು, ಆಫೀಸಿನದು, ಆಫೀಸಿನ ಹಿಂದಿನ ಸಣ್ಣ ಬಾಗಿಲಿನದು. ಮಡಿಕೇರಿಯವರೆಗೂ ಅವನ್ನೇ ಕುಲುಕುತ್ತ ಅವನು ತೀರ್ಮಾನಿಸಿಬಿಟ್ಟ. ಸೋಮವಾರ ಹದಿನೆಂಟು ಜನಕ್ಕೂ ರಜೆ, ಕಾಯಂ ರಜೆ. ಹಂಪಾಪುರದ ಕಡೆಯಿಂದ ಬೇರೆ ಗುಂಪು ಬರುತ್ತದೆ. ಸುಂದ್ರಮ್ಮನ ಮನೆಯ ಒಲೆ ಹತ್ತುವುದೇ ಈ ಕೂಲಿಯಿಂದ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ತೀರ್ಮಾನಿಸಿದ.

ಮಡಿಕೇರಿಯಲ್ಲಿ ಬಸ್ಸು ನಿಲ್ಲುವುದೇ ತಡ, ಹೆಂಗಸರೆಲ್ಲ ದಡದಡ ಇಳಿದು ಎಲ್ಲೋ ಮಾಯವಾದರು. ಡ್ರೈವರ್ ಬಸ್ಸು ನಿಲ್ಲಿಸಲು ಜಾಗ ಹುಡುಕಿ, ದೇವಯ್ಯ ಇಳಿದು ಅವರನ್ನು ಹುಡುಕುವಷ್ಟರಲ್ಲಿ ಕಾಲು ಗಂಟೆಯಾಯಿತು. ಕಂಡರು. ಬಸ್ ನಿಲ್ದಾಣದ ಮೂಲೆಯ ನಲ್ಲಿಗೆ ಮುತ್ತಿಕೊಂಡಿದ್ದರು. ಬೊಗಸೆ ಒಡ್ಡಿ, ಸೆರಗು ನೆನೆಯುವುದೂ ಗೊತ್ತಿಲ್ಲದೆ ಗಟಗಟ ಕುಡಿಯುತ್ತಿದ್ದರು. ಚಿಕ್ಕಮಾದಮ್ಮನೂ.

ಅವನ ತಾಳ್ಮೆ ಕಿತ್ತುಹೋಯಿತು.

"ಥೂ! ಕಂಡೋರ ನಲ್ಲಿ ನೀರಾಯ್ತದೆ, ನಮ್ಮನೆ ಪಾನಕ ಆಗಕ್ಕಿಲ್ಲ ಅಲ್ವಾ? ಸೋಮವಾರದಿಂದ ಒಬ್ರೂ ಕೆಲಸಕ್ಕೆ ಬರಬ್ಯಾಡಿ!"

ಹೆಂಗಸರು ಬೆಚ್ಚಿಬಿದ್ದರು. ಪವಿತ್ರಾ ಅಳತೊಡಗಿದಳು. ಸುಂದ್ರಮ್ಮ ಬಾಯಿ ಒರೆಸಿಕೊಂಡು ಅವನನ್ನೇ ನೋಡಿದಳು.

"ಪಾನಕ ಎಲ್ಲದೆ ಯಜಮಾನ್ರೆ? ಈಗ ತನ್ನಿ. ಡ್ರಮ್ಮೇ ಖಾಲಿ ಮಾಡ್ತೀವಿ."

"ಆಗ್ಲೇ ಯಾಕೆ ಕುಡೀಲಿಲ್ಲ?"

ಸುಂದ್ರಮ್ಮ ನಾಚಿ ತಲೆ ತಗ್ಗಿಸಿದಳು. ಚಿಕ್ಕಮಾದಮ್ಮನೇ ಮುಂದೆ ಬಂದು, ನಲ್ಲಿಯ ಹಿಂದಿನ ಗೋಡೆಯತ್ತ ಕೈ ತೋರಿಸಿದಳು. ಅಲ್ಲಿ ಬಾಗಿಲೊಂದರ ಮೇಲೆ ಸೀರೆಯುಟ್ಟ ಹೆಂಗಸಿನ ಚಿತ್ರ ಬರೆದಿತ್ತು.

"ಕುಡುದ್ರೆ ದಾರೀಲಿ ಗಂಡಸರ ಮುಂದೆ ಎಲ್ಲಿಗಪ್ಪ ಓಗಾನ? ಇಲ್ಲಾದ್ರೆ ಇದೈತೆ. ನಿನ್ನ ಶೆಡ್ಡಲ್ಲಿ ಬೆಳಿಗ್ಗೆಯಿಂದ ಸಂಜೆಗಂಟ ತೊಟ್ಟು ನೀರು ಮುಟ್ದೆ ಇದ್ದು ಇದ್ದು, ಏಳು ವರ್ಸದಿಂದ ನಮಗಿದು ಅಭ್ಯಾಸ ಆಗೋಗದೆ ಬುಡು."

ಜೇಬಿನಲ್ಲಿ ದೇವಯ್ಯನ ಕೈ ನಿಂತುಹೋಯಿತು. ಬೆರಳಿಗೆ ಸಿಕ್ಕಿದ್ದು ಮೂರನೆಯ ಬೀಗದ ಕೈ.

ಶೆಡ್ಡಿಗಿದ್ದ ಒಂದೇ ಒಂದು ಪಾಯಿಖಾನೆಯದು ಅದು. ಈ ಹೆಂಗಸರು ಮುಟ್ಟಿದರೆ ಗಲೀಜಾಗುತ್ತದೆಂದು ಏಳು ವರ್ಷದ ಹಿಂದೆ ಅವನೇ ನಿಂತು ಹಾಕಿಸಿದ ಬೀಗ.