ಅಕ್ಕ ಬೆರಳಿಟ್ಟ ಪೈಪು

ಚಳಿಯ ಬೆಳಗಿನಲ್ಲಿ ಪೆಟ್ರೋಲ್ ವಾಸನೆ ಬಂದರೆ ಈಗಲೂ ನನಗೆ ಅಕ್ಕ ಗಂಡನ ಮನೆಗೆ ಹೊರಟ ದಿನ ನೆನಪಾಗುತ್ತದೆ.

ಸೋಲೂರಿನ ನಮ್ಮ ಅಂಗಳದಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಅಪ್ಪನ ಹಳೇ ಕಾರು ಸ್ಟಾರ್ಟ್ ಆದದ್ದೇ ಗಡಗಡ ನಡುಗಿ ನಿಂತುಬಿಡುತ್ತಿತ್ತು. ಪ್ಲಗ್ಗು ಒರೆಸಿದರೂ, ಚೋಕ್ ಎಳೆದರೂ ಅದೇ ಪಾಡು.

ಅಪ್ಪ ಮತ್ತೊಮ್ಮೆ ಸ್ಟಾರ್ಟ್ ಮಾಡಿದಾಗ, ಹೊಸ ಸೀರೆ ಉಟ್ಟಿದ್ದ ಅಕ್ಕ ತೆರೆದಿದ್ದ ಬಾನೆಟ್ಟಿನತ್ತ ಬಾಗಿ ಕಿವಿಗೊಟ್ಟಳು. "ಅಪ್ಪಾ, ಇಲ್ಲಿ ಗಾಳಿ ಎಳೀತೈತೆ," ಎಂದು ಸೀಳಿದ್ದ ರಬ್ಬರ್ ಪೈಪಿನ ಮೇಲೆ ಬೆರಳೊತ್ತಿದಳು. ನಡುಕ ನಿಂತು, ಇಂಜಿನ್ ಸದ್ದು ಹದವಾಯಿತು.

ಅಪ್ಪ ಇಳಿದು ಬಂದ. "ಬೆರಳು ತಗೀಬ್ಯಾಡ ಕಣವ್ವ, ಒಸಿ ಹಂಗೇ ಇರು."

ಡಿಕ್ಕಿಯಿಂದ ಬೇರೆ ಪೈಪು ತಂದು ಕೈಯಲ್ಲಿ ಹಿಡಿದ. ಅದನ್ನು ಹಾಕದೆ ಮಗಳ ಮದರಂಗಿ ಬೆರಳನ್ನೇ ನೋಡುತ್ತ ನಿಂತ.

"ಹೊತ್ತಾಯ್ತದಪ್ಪಾ," ಅಂದಳು ಅಕ್ಕ ಮೆಲ್ಲಗೆ. ಆದರೂ ಬೆರಳು ತೆಗೆಯಲಿಲ್ಲ.